ಕಾಗದ ಹುಡುಕುವ ವಿದ್ಯೆಯನ್ನು ಕಾಲೇಜು ಕಲಿಸಲಿ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಲೇಜುಗಳಿಂದ ಪ್ರತಿವರ್ಷವೂ ತರುಣ ತರುಣಿಯರು ಕುವೆಂಪು ವಿಶ್ವವಿದ್ಯಾನಿಲಯದ ಪದವಿ ಹಿಡಿದು ಹೊರಬರುತ್ತಿದ್ದಾರೆ. ಅವರಲ್ಲಿ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವರ ಮಕ್ಕಳಿದ್ದಾರೆ, ಸಂತೆಯಲ್ಲಿ ಬಟ್ಟೆ ಹರವಿ ಕೂರುವವರ ಮಕ್ಕಳಿದ್ದಾರೆ, ಅಡಿಕೆ ಸುಲಿದು ಕೂಲಿ ತಂದ ತಾಯಂದಿರ ಮಕ್ಕಳಿದ್ದಾರೆ. ಎರಡು ತಲೆಮಾರಿನ ಹಿಂದೆ ಕನಸಿನಲ್ಲಿಯೂ ಕಾಣದಿದ್ದ ಸಂಗತಿ ಇದು. ಸಂತೋಷಪಡಬೇಕಾದ್ದೇ ಸರಿ. ಆದರೆ ಒಂದು ಮಾತನ್ನು ಕೇಳದೆ ಇರಲಾರೆವು. ತಾಲ್ಲೂಕು ಕಛೇರಿಯಿಂದಲೋ ಅರಣ್ಯ ಇಲಾಖೆಯಿಂದಲೋ ಮನೆಗೆ ಒಂದು ನೋಟೀಸು ಬಂದಾಗ, ಅದು ಯಾವ ಕಾನೂನಿನ ಯಾವ ಕಲಮಿನ ಮೇಲೆ ಬಂದಿದೆ, ಆ ಕಾನೂನನ್ನು ಎಲ್ಲಿ ಓದಬಹುದು, ಅದಕ್ಕೆ ಉತ್ತರವಾಗಿ ಯಾವ ದಾಖಲೆ ಬೇಕು, ಆ ದಾಖಲೆ ಯಾವ ಕಛೇರಿಯ ಯಾವ ಕಪಾಟಿನಲ್ಲಿದೆ ಎಂದು ಹೇಳಬಲ್ಲ ಪದವೀಧರರು ನಮ್ಮ ಮೂರು ತಾಲ್ಲೂಕುಗಳಲ್ಲಿ ಎಷ್ಟು ಮಂದಿ ಇದ್ದಾರು? ತಂದೆ ಓದಲು ಬಾರದವನೆಂದು ನೋಟೀಸನ್ನು ಹಿಡಿದುಕೊಂಡು ಬರವಣಿಗೆಯವನ ಬಳಿಗೆ ಹೋಗುತ್ತಿದ್ದ. ಮಗ ಬಿ.ಎ. ಪಾಸು ಮಾಡಿಯೂ ಅದೇ ಬರವಣಿಗೆಯವನ ಬಳಿಗೇ ಹೋಗುತ್ತಿದ್ದಾನೆ. ಇದು ಹುಡುಗರ ತಪ್ಪಲ್ಲ. ಅವರಿಗೆ ಕಲಿಸಿದ್ದು ಬೇರೆ ವಿದ್ಯೆ.

ಕಲಿಸಿದ್ದು ಏನು? ಉಪನ್ಯಾಸಕರು ನೋಟ್ಸ್ ಹೇಳಿದರು, ಹುಡುಗರು ಬರೆದುಕೊಂಡರು. ಪರೀಕ್ಷೆ ಹತ್ತಿರ ಬಂದಾಗ ಅಂಗಡಿಯಿಂದ ಗೈಡು ತಂದರು, ಬರಬಹುದಾದ ಹತ್ತು ಪ್ರಶ್ನೆಗಳನ್ನು ಬಾಯಿಪಾಠ ಮಾಡಿದರು. ಮೂರು ವರ್ಷದಲ್ಲಿ ಗ್ರಂಥಾಲಯದ ಕಪಾಟುಗಳ ನಡುವೆ ತಾನಾಗಿ ಓಡಾಡಿ ಪುಸ್ತಕ ತೆಗೆದು ನೋಡದೆಯೇ ಪದವಿ ಮುಗಿಸುವವರು ಬೇಕಾದಷ್ಟಿದ್ದಾರೆ. ಎಷ್ಟೋ ಕಡೆ ಗ್ರಂಥಾಲಯವೆಂದರೆ ಒಂದು ಕಿಟಕಿ. ಚೀಟಿಯಲ್ಲಿ ಹೆಸರು ಬರೆದು ಒಳಗೆ ಕೊಟ್ಟರೆ ಪುಸ್ತಕ ಹೊರಗೆ ಬರುತ್ತದೆ, ಇಲ್ಲವೆ "ಇಲ್ಲ" ಎಂಬ ಮಾತು ಹೊರಗೆ ಬರುತ್ತದೆ. ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಚೀಟಿಯಲ್ಲಿ ಬರೆಯುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ.

ಹೊರ ಪ್ರಪಂಚದಲ್ಲಿ ಈ ವಿದ್ಯೆಗೆ ಮಾಹಿತಿ ಸಾಕ್ಷರತೆ ಎಂದು ಹೆಸರಿಟ್ಟಿದ್ದಾರೆ. ಆ ಪದ ಅಮೆರಿಕೆಯಲ್ಲಿ ೧೯೭೪ರಲ್ಲಿ ಹುಟ್ಟಿತು. ಹೆಸರು ಭಾರವಾಗಿದೆ, ಅರ್ಥ ಹಗುರಾಗಿದೆ: ತನಗೆ ಏನು ತಿಳಿಯಬೇಕಾಗಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುವುದು, ಅದು ಸಿಗುವ ಜಾಗವನ್ನು ಹುಡುಕುವುದು, ಸಿಕ್ಕಿದ್ದು ನಿಜವೋ ಸುಳ್ಳೋ ಎಂದು ತೂಗಿ ನೋಡುವುದು, ಆಮೇಲೆ ಅದನ್ನು ಕೆಲಸಕ್ಕೆ ಹಚ್ಚುವುದು. ಕಾಲೇಜಿನ ಮೆಟ್ಟಿಲು ಹತ್ತದ ನಮ್ಮಂಥವರು ಇದನ್ನು ಕಛೇರಿಗಳ ಜಗುಲಿಯ ಮೇಲೆ ಕಾದು ಕೂತು, ಬೈಸಿಕೊಂಡು ಕಲಿತೆವು. ನಮ್ಮ ಮಕ್ಕಳು ಹಾಗೆ ಕಲಿಯಬೇಕಾದ ಅಗತ್ಯವಿಲ್ಲ.

ನಮ್ಮ ಸೀಮೆಯಲ್ಲಿ ಅಳತೆ ಯಾರ ಕೈಯಲ್ಲಿತ್ತೋ, ಲೆಕ್ಕ ಯಾರ ಕೈಯಲ್ಲಿತ್ತೋ, ಅವರ ಕೈಯಲ್ಲೇ ಭೂಮಿಯೂ ಇತ್ತು. ೧೯೫೧ರಲ್ಲಿ ಕಾಗೋಡಿನ ಗೇಣಿದಾರರು ಎದ್ದುನಿಂತದ್ದು ಯಾವುದಕ್ಕಾಗಿ ಎಂಬುದನ್ನು ಸಾಗರದ ಹಿರಿಯರಿಗೆ ಹೇಳಬೇಕಾಗಿಲ್ಲ. ಧಣಿಯ ಕೊಳಗ ನ್ಯಾಯದ ಕೊಳಗಕ್ಕಿಂತ ದೊಡ್ಡದಾಗಿತ್ತು. ಗೇಣಿ ಭತ್ತವನ್ನು ಆ ದೊಡ್ಡ ಕೊಳಗದಲ್ಲಿಯೇ ಅಳೆದು ಕೊಡಬೇಕಾಗಿತ್ತು. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಅದನ್ನು ಪ್ರಶ್ನಿಸಿತು, ಶಾಂತವೇರಿ ಗೋಪಾಲಗೌಡರು ಹೋರಾಟಕ್ಕೆ ಇಳಿದರು, ಡಾಕ್ಟರ್ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧಿತರಾದರು. ಹೋರಾಟದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅಡಗಿರುವ ಇನ್ನೊಂದು ಸಂಗತಿಯನ್ನು ಹೇಳುವವರು ಕಡಿಮೆ. ನ್ಯಾಯದ ಅಳತೆ ಇಷ್ಟು ಎಂದು ಗೇಣಿದಾರನಿಗೆ ಗೊತ್ತಾದ ಮೇಲೆ ತಾನೆ "ಇದು ದೊಡ್ಡದು" ಎಂದು ಹೇಳಲು ಅವನಿಗೆ ಬಾಯಿ ಬಂದದ್ದು?

ಕೊಳಗದ ಕಾಲ ಹೋಗಿ ಕಾಗದದ ಕಾಲ ಬಂತು. ೧೯೭೪ರ ತಿದ್ದುಪಡಿಯಾದ ಭೂಸುಧಾರಣಾ ಕಾನೂನು ಉಳುವವನೇ ಒಡೆಯನೆಂದಿತು. ೭ನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಡಿ ಎಂದಿತು. ಆಗ ಟ್ರಿಬ್ಯೂನಲ್ಲಿನ ಮುಂದೆ ನಿಂತವನಿಗೆ ಕೇಳಿದ ಪ್ರಶ್ನೆ: ನೀನು ಗೇಣಿದಾರನೆಂಬುದಕ್ಕೆ ಏನಿದೆ? ಅಜ್ಜನ ಕಾಲದಿಂದ ಗೇಣಿ ಅಳೆದಿದ್ದೇವೆ ಎಂದರೆ ಸಾಲದು, ರಶೀದಿ ಎಲ್ಲಿ? ಧಣಿ ರಶೀದಿ ಕೊಡುವವನಲ್ಲ. ಪಹಣಿಯ ಸಾಗುವಳಿದಾರನ ಕಲಮಿನಲ್ಲಿ ಹೆಸರಿದ್ದವನು ಗೆದ್ದ. ಆ ಕಲಮಿನಲ್ಲಿ ಧಣಿಯ ಹೆಸರೇ ಇದೆಯೆಂಬುದನ್ನು ಅಷ್ಟು ವರ್ಷ ನೋಡದೆ ಇದ್ದವನು ಸೋತ. ಹೀಗೆ ಉತ್ತ ನೆಲ ಕೈಬಿಟ್ಟುಹೋದ ಮನೆಗಳು ನಮ್ಮ ಪ್ರತಿ ಹೋಬಳಿಯಲ್ಲೂ ಇವೆ. ಬಗರ್‌ಹುಕುಂನ ೫೦, ೫೩, ೫೭ನೇ ನಮೂನೆಗಳ ಕತೆಯೂ ಇದೇ ಜಾಡಿನದು, ಬೆಳೆಸುವುದಿಲ್ಲ.

ಶರಾವತಿ ಸಂತ್ರಸ್ತರ ವಿಷಯವನ್ನು ಮಾತ್ರ ಬಿಡಿಸಿ ನೋಡಬೇಕು. ಯಾವ ಪಾಠಪುಸ್ತಕವೂ ಕಲಿಸದ ಪಾಠ ಅದರಲ್ಲಿದೆ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ತೋಟ, ದೇವಸ್ಥಾನಗಳು ನೀರಿನಡಿಗೆ ಹೋದವು. ನಾಡಿಗೆಲ್ಲ ಬೆಳಕು ಹೊತ್ತಿತು. ಮುಳುಗಡೆಯಾದವರನ್ನು ಲಾರಿಗಳಲ್ಲಿ ತುಂಬಿ ಕಾಡಿನ ಅಂಚುಗಳಿಗೆ ತಂದು ಇಳಿಸಿದರು. ಬಂದವರು ಕಾಡು ಕಡಿದು, ಮಣ್ಣು ಹದಮಾಡಿ, ಮನೆ ಕಟ್ಟಿದರು. ಅರವತ್ತು ವರ್ಷದ ಮೇಲೆ ಅವರ ಮೊಮ್ಮಕ್ಕಳನ್ನು "ನೀವು ಅರಣ್ಯ ಭೂಮಿಯ ಒತ್ತುವರಿದಾರರು" ಎನ್ನುತ್ತಿದ್ದಾರೆ. ೧೯೮೦ರ ಅರಣ್ಯ ಸಂರಕ್ಷಣಾ ಕಾನೂನು ಬಂದ ಮೇಲೆ ಕೇಂದ್ರದ ಪೂರ್ವಾನುಮತಿ ಇಲ್ಲದೆ ಅರಣ್ಯ ಭೂಮಿಯನ್ನು ಬೇರೆಯದಕ್ಕೆ ಬಿಡುವಂತಿಲ್ಲ. ಆ ಅನುಮತಿ ಪಡೆಯದೆಯೇ ರಾಜ್ಯ ಸರಕಾರ ಇವರಿಗಾಗಿ ಡಿನೋಟಿಫಿಕೇಷನ್ ಆದೇಶಗಳನ್ನು ಹೊರಡಿಸಿತು. ೨೦೨೧ರಲ್ಲಿ ಅವು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಆದೇಶ ಬಂದ ದಿನ ಪಟಾಕಿ ಹೊಡೆದವರು, ಹಾರ ಹಾಕಿಸಿಕೊಂಡವರು ೧೯೮೦ರ ಕಾನೂನಿನ ಎರಡನೇ ಕಲಮನ್ನು ಒಂದು ಸಲ ಓದಿದ್ದರೆ ಏನಾಗುವುದೆಂದು ಅವರಿಗೆ ಅಂದೇ ತಿಳಿಯುತ್ತಿತ್ತು. ಆ ಕಲಮು ಒಂದು ಪುಟವೂ ಇಲ್ಲ.

೨೦೦೬ರ ಅರಣ್ಯ ಹಕ್ಕು ಕಾನೂನನ್ನು ನೋಡಿರಿ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ೨೦೦೫ರ ಡಿಸೆಂಬರ್ ೧೩ಕ್ಕೆ ಮೊದಲು ಮೂರು ತಲೆಮಾರು, ಎಂದರೆ ೭೫ ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು ಎನ್ನುತ್ತದೆ. ೭೫ನ್ನು ಕಳೆದರೆ ೧೯೩೦ ಬಂತು. ೧೯೬೦ರ ಆಸುಪಾಸಿನಲ್ಲಿ ಸರಕಾರವೇ ತಂದು ಇಳಿಸಿದ ಸಂತ್ರಸ್ತನು ೧೯೩೦ರಿಂದ ಆ ಜಾಗದಲ್ಲೇ ಇದ್ದೆನೆಂದು ಹೇಗೆ ತೋರಿಸಿಯಾನು? ಅವನಿಗೆ ಬೇಕಾದ ದಾಖಲೆಗಳು ಬೇರೆಯವು: ಮುಳುಗಿದ ಜಮೀನಿನ ಕಾಗದ, ಪುನರ್ವಸತಿಯ ಪಟ್ಟಿ, ಯಾವ ಸರ್ವೆ ನಂಬರನ್ನು ಯಾವ ವರ್ಷ ಯಾವ ಆದೇಶದಲ್ಲಿ ಬಿಟ್ಟುಕೊಟ್ಟರೆಂಬ ಆದೇಶದ ಪ್ರತಿ. ಅದರ ಮೇಲಿನ ತಾರೀಖು ೧೯೮೦ಕ್ಕೆ ಹಿಂದಿನದೋ ಮುಂದಿನದೋ ಎಂಬುದೂ ಮುಖ್ಯ. ಇದನ್ನು ತಿಳಿಯದೆ ಸಂತ್ರಸ್ತನೂ, ತಲೆತಲಾಂತರದಿಂದ ಕಾಡಂಚಿನಲ್ಲೇ ಇದ್ದ ರೈತನೂ ಒಂದೇ ಬಗೆಯ ಅರ್ಜಿ ತುಂಬಿದರೆ ಒಂದೇ ಬಗೆಯ ತಿರಸ್ಕಾರದ ಕಾಗದ ಬರುವುದರಲ್ಲಿ ಆಶ್ಚರ್ಯವೇನು?

ಕಾಡಂಚಿನಲ್ಲಿ ಹಿಂದಿನಿಂದ ಇರುವವರ ಮಟ್ಟಿಗೆ ಈ ಕಾನೂನಿನ ನಿಯಮಗಳಲ್ಲಿ ಹದಿಮೂರನೆಯದು ಬಹಳ ದೊಡ್ಡ ಬಾಗಿಲನ್ನು ತೆರೆದಿಟ್ಟಿದೆ. ಸಾಕ್ಷ್ಯವಾಗಿ ಏನೇನು ಬರಬಹುದೆಂದು ಅದು ಪಟ್ಟಿ ಕೊಡುತ್ತದೆ: ಗೆಜೆಟಿಯರು, ಜನಗಣತಿ, ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿ, ನಕ್ಷೆ, ಅರಣ್ಯ ಇಲಾಖೆಯ ಕಾರ್ಯಯೋಜನೆ, ಸಂಶೋಧನಾ ಗ್ರಂಥ, ಊರಿನ ಹಿರಿಯರ ಬರೆದುಕೊಂಡ ಹೇಳಿಕೆ, ಹಳೆಯ ಮನೆ, ಬಾವಿ, ಸ್ಮಶಾನದ ಗುರುತು. ಇಂಥದೇ ಒಂದು ದಾಖಲೆ ಬೇಕೆಂದು ಹಟ ಹಿಡಿಯಬಾರದೆಂದೂ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಈ ಪಟ್ಟಿಯಲ್ಲಿ ಅರ್ಧಕ್ಕರ್ಧ ಒಂದು ಒಳ್ಳೆಯ ಕಾಲೇಜು ಗ್ರಂಥಾಲಯದಲ್ಲಿ ಇರಬೇಕಾದ ಪುಸ್ತಕಗಳು! ಬಡವನ ಮನೆಯಲ್ಲಿ ರಶೀದಿ ಇಲ್ಲದಿರಬಹುದು. ಅವನ ಊರಿನ ಹೆಸರು ಹಳೆಯ ಜನಗಣತಿಯ ಪುಸ್ತಕದಲ್ಲಿ ಇದ್ದೀತು. ಅದನ್ನು ಹುಡುಕಿ ಪುಟದ ನಕಲು ತೆಗೆದುಕೊಡುವ ಕೆಲಸವನ್ನು ಇತಿಹಾಸದ ಒಬ್ಬ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಮಾಡಬಹುದು, ಮಾಡುವ ಬಗೆ ಗೊತ್ತಿದ್ದರೆ.

ಬಗೆ ಗೊತ್ತಿಲ್ಲದವನಿಗೆ ಅದು ಸುಲಭವಲ್ಲ. ಹೊಸನಗರದ ಹುಡುಗನೊಬ್ಬ ತನ್ನ ತಾಲ್ಲೂಕಿನ ಹಳೆಯ ಸಂಗತಿ ಹುಡುಕಲು ಹೊರಟನೆಂದುಕೊಳ್ಳಿ. ಬಿ. ಎಲ್. ರೈಸ್ ಅವರು ನಮ್ಮ ಶಾಸನಗಳನ್ನು ಸಂಗ್ರಹಿಸಿದ ಎಪಿಗ್ರಾಫಿಯ ಕರ್ನಾಟಿಕದ ಎಂಟನೇ ಸಂಪುಟ ೧೯೦೪ರದು. ಅದರಲ್ಲಿ ಸೊರಬ, ಸಾಗರ, ತೀರ್ಥಹಳ್ಳಿಗಳ ಹೆಸರಿದೆ. ಹೊಸನಗರವೆಂದು ಹುಡುಕಿದರೆ ಆ ತಲೆಬರಹ ಸಿಗದು, ನಗರ ತಾಲ್ಲೂಕೆಂದು ಹುಡುಕಬೇಕು. ಆ ನಗರವೂ ೧೭೬೩ರಲ್ಲಿ ಹೈದರನು ಹಿಡಿಯುವವರೆಗೆ ಬಿದನೂರು, ಆಮೇಲೆ ಹೈದರನಗರ. ೧೯೭೩ಕ್ಕೆ ಹಿಂದಿನ ಸರಕಾರಿ ವರದಿಗಳು ಕರ್ನಾಟಕವೆಂಬ ಹೆಸರಿನಲ್ಲಿ ಸಿಗುವುದಿಲ್ಲ, ಮೈಸೂರು ಎಂಬ ಹೆಸರಿನಲ್ಲಿವೆ. ಜಿಲ್ಲೆಯ ಹೆಸರನ್ನು ೨೦೧೪ರಿಂದ ಇಂಗ್ಲಿಷಿನಲ್ಲಿಯೂ ಶಿವಮೊಗ್ಗವೆಂದು ಬರೆಯುತ್ತಾರೆ, ಅದಕ್ಕೆ ಹಿಂದಿನ ಗೆಜೆಟಿಯರುಗಳಲ್ಲಿ ಅದು ಶಿಮೊಗ. ಇಷ್ಟನ್ನು ತಿಳಿಯದವನು ಕಂಪ್ಯೂಟರಿನ ಮುಂದೆ ಒಂದು ಹೆಸರು ಒತ್ತಿ, "ಏನೂ ಇಲ್ಲ" ಎಂದು ಎದ್ದು ಹೋಗುತ್ತಾನೆ. ಇರುವುದೆಲ್ಲ ಇದ್ದೇ ಇರುತ್ತದೆ. ಅಣೆಕಟ್ಟಿಗೆ ಮೊದಲಿನ ೧೯೬೧ರ ಜನಗಣತಿಯ ಜಿಲ್ಲಾ ಕೈಪಿಡಿಯನ್ನೂ ಆಮೇಲಿನ ೧೯೭೧ರದನ್ನೂ ಪಕ್ಕಪಕ್ಕದಲ್ಲಿಟ್ಟು ಊರುಗಳ ಪಟ್ಟಿಯ ಮೇಲೆ ಬೆರಳಾಡಿಸುವುದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ನಮ್ಮ ಸೀಮೆಯ ಮಕ್ಕಳಿಗೆ ಮತ್ತಾವುದಿದೆ? ಸಾಗರದಿಂದ ನಾಲ್ಕಾರು ಮೈಲಿಯ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಕಾಗದದ ಹಸ್ತಪ್ರತಿಗಳಿವೆ. ಗುಂಡಾ ಜೋಯಿಸರು ಒಂದು ಜೀವಮಾನವನ್ನು ಅದಕ್ಕೆ ಸವೆಸಿದರು, ಅದೀಗ ಕುವೆಂಪು ವಿಶ್ವವಿದ್ಯಾನಿಲಯದ ಕೈಕೆಳಗಿದೆ. ಗೋಪಾಲಗೌಡರು ವಿಧಾನಸಭೆಯಲ್ಲಿ ಗೇಣಿದಾರರ ಪರ ಆಡಿದ ಮಾತುಗಳು ಸಭೆಯ ನಡವಳಿಗಳಲ್ಲಿ ಅಚ್ಚಾಗಿವೆ. ಗೌಡರ ಹೆಸರು ಹೇಳಿ ಭಾಷಣ ಮಾಡುವವರಲ್ಲಿ ಅವನ್ನು ತೆರೆದು ನೋಡಿದವರೆಷ್ಟು ಮಂದಿಯೋ!

"ಈಗ ಮೊಬೈಲಿನಲ್ಲಿ ಎಲ್ಲವೂ ಇದೆ, ಗ್ರಂಥಾಲಯ ಯಾಕೆ?" ಎನ್ನುವ ಬುದ್ಧಿವಂತರಿದ್ದಾರೆ. ಮೊಬೈಲಿನಲ್ಲಿ ಬಹಳಷ್ಟು ಇದೆ ಎಂಬುದು ನಿಜವೇ. ೨೦೨೦ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯ ತೆರೆಯಿತು, ಅದಕ್ಕೆ ಕಾಸಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬಲ್ಲಿ ಯಾರು ಬೇಕಾದರೂ ಓದುವಂತೆ ಇವೆ. ಪಹಣಿಗಳೂ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಹತ್ತಿವೆ. ಇವು ಇವೆಯೆಂದು ಕಾಲೇಜಿನಲ್ಲಿ ಹೇಳಿಕೊಟ್ಟವರು ಯಾರು ಎಂಬುದೇ ನಮ್ಮ ಪ್ರಶ್ನೆ. ಹುಡುಗನ ಕೈಯ ಮೊಬೈಲಿಗೆ ಶೋಧಗಂಗಾ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ, ವಾಟ್ಸಾಪಿನ ವದಂತಿ ತಟ್ಟುತ್ತದೆ. "ಈ ತಿಂಗಳು ಮುಗಿಯುವುದರೊಳಗೆ ಅರ್ಜಿ ಹಾಕದಿದ್ದರೆ ಜಮೀನು ಹೋಯಿತು" ಎಂದು ಯಾರೋ ಬರೆದದ್ದನ್ನು ಸಾವಿರ ಮಂದಿ ಸಾವಿರ ಮಂದಿಗೆ ಕಳಿಸುತ್ತಾರೆ. ಆದೇಶದ ನಂಬರೇನು, ತಾರೀಖೇನು, ಯಾವ ಇಲಾಖೆ ಹೊರಡಿಸಿದ್ದು ಎಂದು ಕೇಳುವವನೊಬ್ಬನಿಲ್ಲ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಡುತ್ತವೆ. ಇಲ್ಲದ ಪುಸ್ತಕಕ್ಕೆ ಹೆಸರಿಟ್ಟು, ನಡೆಯದ ಮೊಕದ್ದಮೆಗೆ ತೀರ್ಪು ಬರೆದು ಕೊಡುವುದೂ ಉಂಟು. ಹಾಗೆ ಕೊಟ್ಟ ಹೆಸರಿನ ಪುಸ್ತಕ ಕಪಾಟಿನಲ್ಲಿ ನಿಜವಾಗಿ ಇದೆಯೋ ಎಂದು ಎದ್ದುಹೋಗಿ ನೋಡುವ ಅಭ್ಯಾಸವಿಲ್ಲದವನಿಗೆ ಆ ಯಂತ್ರ ಹೊಸ ಬರವಣಿಗೆಯವನಾಗುತ್ತದೆ, ಅಷ್ಟೆ.

ಗಿರಣಿಯ ಬಂಧುಗಳೂ ಅಂಗಡಿಯ ಬಂಧುಗಳೂ "ಇದು ರೈತರ ಗೋಳು, ನಮಗೇನು?" ಎಂದು ಕೇಳಬಹುದು. ಅಕ್ಕಿ ಗಿರಣಿಯ ಕೆಲಸಕ್ಕೆ ಕನಿಷ್ಠ ಕೂಲಿ ಇಷ್ಟೆಂದು ಸರಕಾರ ಗೊತ್ತುಮಾಡಿ ರಾಜ್ಯಪತ್ರದಲ್ಲಿ ಅಚ್ಚುಹಾಕಿಸುತ್ತದೆ. ಅದರ ಮೇಲೆ ತುಟ್ಟಿಭತ್ಯೆಯೂ ಬದಲಾಗುತ್ತ ಹೋಗುತ್ತದೆ. ಆ ಹಾಳೆಯನ್ನು ಗಿರಣಿಯ ಗೋಡೆಯ ಮೇಲೆ ನೀವು ಕಂಡಿದ್ದೀರಾ? ನಿಮ್ಮ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಅದನ್ನು ಹುಡುಕಿ ತಂದು ನಿಮ್ಮ ಕೂಲಿಯ ಚೀಟಿಯ ಪಕ್ಕದಲ್ಲಿಟ್ಟು ಕೂಡಿಸಿ ಕಳೆದು ತೋರಿಸಲು ಅವಳಿಗೆ ಬರಬೇಡವೆ? ೨೦೨೫ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ ರಾಜ್ಯದ ಅಂಗಡಿ ಬೀದಿಗಳೆಲ್ಲ ನಡುಗಿದವು. ಹಣ ಕಟ್ಟುವ ಚಿತ್ರಪಟ್ಟಿಗಳನ್ನು ಕಿತ್ತುಹಾಕಿ "ನಗದು ಮಾತ್ರ" ಎಂದು ಬರೆದರು. ನೋಟೀಸು ಎಂದರೆ ತೆರಿಗೆ ಕಟ್ಟಬೇಕೆಂಬ ತೀರ್ಪಲ್ಲ, ಉತ್ತರ ಕೇಳಿದ ಕಾಗದ. ಸರಕು ಮಾರುವವನಿಗೆ ವರ್ಷಕ್ಕೆ ೪೦ ಲಕ್ಷ, ಸೇವೆ ಕೊಡುವವನಿಗೆ ೨೦ ಲಕ್ಷ ದಾಟಿದ ಮೇಲೆ ನೋಂದಣಿಯ ಪ್ರಶ್ನೆ. ತಾಜಾ ತರಕಾರಿ, ಬಿಡಿ ಹಾಲಿಗೆ ಜಿಎಸ್‌ಟಿಯೇ ಇಲ್ಲ. ಇವೆಲ್ಲ ಅಚ್ಚಾದ ಕಾಗದದಲ್ಲಿದ್ದ ಮಾತುಗಳೇ. ಆದರೂ ಎಷ್ಟೋ ತರಕಾರಿ ಅಂಗಡಿಯವರಿಗೆ ನಿದ್ರೆ ಹಾರಿಹೋಯಿತು.

ಅದಿರಲಿ, ಗ್ರಂಥಾಲಯಕ್ಕೆ ಹಣ ಕೊಡುತ್ತಿರುವವರು ಯಾರು? ನೀವೇ. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನಿನಂತೆ ಮನೆ, ಅಂಗಡಿಗಳ ತೆರಿಗೆಯ ಪ್ರತಿ ರೂಪಾಯಿಗೆ ೬ ಪೈಸೆ ಗ್ರಂಥಾಲಯ ಕರವಿದೆ. ಪುರಸಭೆ, ನಗರಸಭೆಗಳು ಅದನ್ನು ವಸೂಲು ಮಾಡಿ ಗ್ರಂಥಾಲಯಕ್ಕೆ ಕಟ್ಟಬೇಕು. ವಸೂಲಾದದ್ದು ಕಟ್ಟದೆ ಬಾಕಿ ನಿಲ್ಲುತ್ತದೆಂಬ ದೂರು ರಾಜ್ಯದಲ್ಲಿ ಬಹಳ ಹಳೆಯದು. ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂಬ ಹೆಸರು ಬಂದಿದೆ. ಹೆಸರು ಚೆನ್ನಾಗಿದೆ. ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ, ಒಳಗೆ ಕಾನೂನಿನ ಪುಸ್ತಕ ಒಂದಾದರೂ ಇದೆಯೆ ಎಂದು ಊರವರು ಹೋಗಿ ನೋಡಬೇಕು.

ನಾವು ಹಿಂದೆ ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲಿ ಪುಸ್ತಕದ ಬೀರು ಒಂದಿತ್ತು. ಅದರ ಬೀಗದ ಕೈ ಮುಖ್ಯೋಪಾಧ್ಯಾಯರ ಜೇಬಿನಲ್ಲಿ. ತನಿಖೆಯವರು ಬರುವ ಹಿಂದಿನ ದಿನ ಅದನ್ನು ತೆಗೆದು ಧೂಳು ಹೊಡೆಯುತ್ತಿದ್ದರು. ಹೊತ್ತಗೆಗಳು ಒಂದೂ ಹರಿದಿರಲಿಲ್ಲ, ಕಳೆದೂ ಹೋಗಿರಲಿಲ್ಲ. ತನಿಖೆಯವರು "ಬಹಳ ಚೆನ್ನಾಗಿ ಇಟ್ಟಿದ್ದೀರಿ" ಎಂದು ಷರಾ ಬರೆದು ಹೋದರು! ೧೯೩೧ರಲ್ಲಿಯೇ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯದ ಐದು ಸೂತ್ರಗಳನ್ನು ಹೇಳಿ, ಅವುಗಳಲ್ಲಿ ಮೊದಲನೆಯದಾಗಿ ಪುಸ್ತಕ ಇರುವುದು ಉಪಯೋಗಕ್ಕೆ ಎಂದರು. ಆ ಮಹನೀಯರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಅವರ ಮಾತು ಬೆಂಗಳೂರಿನಿಂದ ಘಟ್ಟದ ಕಾಡಿಗೆ ಬರಲು ಇನ್ನೆಷ್ಟು ವರ್ಷ ಬೇಕೋ ತಿಳಿಯದು.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಮೂರು ತಾಲ್ಲೂಕುಗಳ ಎಲ್ಲ ಕಾಲೇಜುಗಳಲ್ಲಿಯೂ ಮೊದಲ ವರ್ಷದಿಂದ ವಾರಕ್ಕೆ ಒಂದು ಗಂಟೆ ಗ್ರಂಥಾಲಯದಲ್ಲಿಯೇ ಪಾಠ ನಡೆಯಲಿ, ಅದನ್ನು ಗ್ರಂಥಪಾಲಕರೇ ನಡೆಸಲಿ. ಅವರು ಪುಸ್ತಕ ಎಣಿಸುವ ಗುಮಾಸ್ತರಲ್ಲ, ಅಧ್ಯಾಪಕರು. ಹುದ್ದೆ ಖಾಲಿ ಇದ್ದಲ್ಲಿ ತುಂಬಲಿ. ಕಿಟಕಿ ಮುಚ್ಚಿ ಬಾಗಿಲು ತೆರೆಯಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಪದವಿ ಮುಗಿಸುವ ಮೊದಲು ತನ್ನ ಊರಿಗೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಹಿಡಿದು, ಗ್ರಂಥಾಲಯ, ತಾಲ್ಲೂಕು ಕಛೇರಿಯ ದಾಖಲೆ ಕೋಣೆ, ಊರಿನ ಹಿರಿಯರು, ಈ ಮೂರು ಕಡೆಯೂ ಹೋಗಿ, ಯಾವುದು ಎಲ್ಲಿ ಸಿಕ್ಕಿತೆಂದು ಬರೆದು ಒಪ್ಪಿಸಲಿ. ನಕಲು ಮಾಡಿದ ಇಪ್ಪತ್ತು ಪುಟಕ್ಕಿಂತ ತಾನೇ ಹುಡುಕಿ ಬರೆದ ಎರಡು ಪುಟಕ್ಕೆ ಹೆಚ್ಚು ಅಂಕ ಸಿಗಲಿ. ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು ಪಾಠದಲ್ಲಿ ಸೇರಲಿ: ಹತ್ತು ರೂಪಾಯಿ ಶುಲ್ಕ, ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ, ಮೂವತ್ತು ದಿನದೊಳಗೆ ಉತ್ತರ ಬರಬೇಕು, ದಾಖಲೆಯನ್ನು ಹೋಗಿ ಕಣ್ಣಾರೆ ನೋಡುವ ಹಕ್ಕೂ ಇದೆ. ಹಾಗೆಯೇ ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾದರೆ ೬೦ ದಿನದೊಳಗೆ ಮೇಲಿನ ಸಮಿತಿಗೆ ಹೋಗಬೇಕೆಂಬುದನ್ನು ಅರಣ್ಯದಂಚಿನ ಪ್ರತಿ ಮನೆಯ ಓದಿದ ಮಗುವೂ ತಿಳಿದಿರಬೇಕು. ಅವಧಿ ಮೀರಿದ ಮೇಲೆ ನಮ್ಮ ಕಛೇರಿಗೆ ಬಂದು ಅಳುವವರನ್ನು ನೋಡಿ ನಮಗೆ ಸಾಕಾಗಿದೆ.

ಕಾಲೇಜಿನ ಆಡಳಿತದವರು "ಸಿಲಬಸ್ಸಿನಲ್ಲಿಲ್ಲ" ಎಂದಾರು. ವಾರಕ್ಕೊಂದು ಗಂಟೆಗೆ ವಿಶ್ವವಿದ್ಯಾನಿಲಯದ ಅಪ್ಪಣೆ ಬೇಕಿಲ್ಲ, ಪ್ರಾಂಶುಪಾಲರ ಮನಸ್ಸು ಸಾಕು. ಪೋಷಕರ ಸಭೆ ಕರೆದ ದಿನ ಈ ಮಾತನ್ನು ಎತ್ತಬೇಕಾದವರು ನೀವು. ಕೂಲಿಯ ದಿನ ಹೋಗುತ್ತದೆಂದು ಸಭೆಗೆ ತಪ್ಪಿಸಿಕೊಳ್ಳಬೇಡಿ. ಈ ಸಲ ಮನೆಯ ತೆರಿಗೆ ಕಟ್ಟುವಾಗ ರಶೀದಿಯಲ್ಲಿ ಗ್ರಂಥಾಲಯ ಕರ ಎಷ್ಟೆಂದು ನೋಡಿರಿ. ಕಳೆದ ವರ್ಷ ನಮ್ಮ ಪಟ್ಟಣದಲ್ಲಿ ಆ ಬಾಬ್ತು ವಸೂಲಾದದ್ದೆಷ್ಟು, ಗ್ರಂಥಾಲಯಕ್ಕೆ ಕಟ್ಟಿದ್ದೆಷ್ಟು ಎಂದು ಕೇಳಿ ನಿಮ್ಮ ಮಗನಿಂದಲೋ ಮಗಳಿಂದಲೋ ಒಂದು ಅರ್ಜಿ ಬರೆಸಿ, ಹತ್ತು ರೂಪಾಯಿ ಕಟ್ಟಿ ಹಾಕಿಸಿರಿ. ಬಂದ ಉತ್ತರವನ್ನು ನಮಗೆ ಕಳಿಸಿದರೆ ಈ ಪುಟದಲ್ಲಿ ಅಚ್ಚುಹಾಕುತ್ತೇವೆ.